ಮಾರ್ದನಿಗೆ ಕಾಯುವುದು

ಆ ಕಾರಿಡಾರಿನ ಕೊನೆಯಲ್ಲಿ ಎರಡು ಕದಗಳ ಒಂದು ಮರದ ಬಾಗಿಲಿತ್ತು. ಬಾಗಿಲಿನಾಚೆ ಬಯಲು. ಈ ತುದಿಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ, ಬಾಗಿಲು ಮುಚ್ಚಿದ್ದಾಗ ಆ ಸದ್ದು ಅಷ್ಟುದ್ದ ಹೋಗಿ, ಕದಕ್ಕೆ ತಾಗಿ, ತುಸು ತಡವಾಗಿ, ತುಸು ಮೆತ್ತಗಾಗಿ ಹಿಂದಿರುಗುತ್ತಿತ್ತು. ನಮ್ಮ ಬೆನ್ನ ಹಿಂದಿನ ಗೋಡೆಗೆ ತಾಗಿ ಮತ್ತೆ ಹೋಗಿ, ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಇನ್ನಷ್ಟು ಕ್ಷೀಣವಾಗಿ. ಬಾಗಿಲು ತೆರೆದಿದ್ದರೆ ಹೋದದ್ದು ಬಯಲಿಗೆ ಹೋಯಿತು. ಏನೂ ಬರುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನ ಕಮಲಾಕ್ಷ ಸರ್ ನನ್ನನ್ನು ಅಲ್ಲಿಗೆ ಕರೆದೊಯ್ದು, ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿದರು.

“ಆ ಬಾಗಿಲು ತೆಗೆದಿದೆಯೋ ಮುಚ್ಚಿದೆಯೋ ಹೇಳು.”

“ನೋಡದೆ ಹೇಗೆ ಸರ್ ಹೇಳೋದು?”

“ನೋಡಿದ್ರೆ ಯಾರು ಬೇಕಾದ್ರೂ ಹೇಳ್ತಾರಮ್ಮ. ನಿನಗೆ ಸಂಬಳ ಯಾಕೆ ಮತ್ತೆ?”

ನಾನು ಚಪ್ಪಾಳೆ ತಟ್ಟಿದೆ. ಸದ್ದು ನಿಂತ ಕೂಡಲೇ “ತೆಗೆದಿದೆ” ಎಂದುಬಿಟ್ಟೆ. ಅಷ್ಟರಲ್ಲಿ ಬಂದ ಮಾರ್ದನಿ ನನ್ನ ಮಾತಿನ ಕೆಳಗೆ ಸಿಕ್ಕಿ ಹೋಯಿತು.

ಅವರು ನಕ್ಕರು. “ಬಂದಿತ್ತು. ನೀನೇ ಅದರ ಮೇಲೆ ಮಾತಾಡಿಬಿಟ್ಟೆ. ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ನಿಂತಿರಬೇಕು. ನಮ್ಮ ಕೆಲಸ ಅಂದ್ರೆ ಇಷ್ಟೇ.”

ಹೊಸದಾಗಿ ಬಂದವರೆಲ್ಲರಿಗೂ ಅವರು ಮಾಡುತ್ತಿದ್ದ ಪರೀಕ್ಷೆ ಅದು ಎಂದು ಆಮೇಲೆ ತಿಳಿಯಿತು. ಬಹುತೇಕ ಎಲ್ಲರೂ ನನ್ನಂತೆಯೇ ಅವಸರ ಮಾಡಿದ್ದರಂತೆ.

ನಮ್ಮ ಸಂಸ್ಥೆಯ ಕಟ್ಟಡ ಹಿಂದೊಂದು ಕಾಲದಲ್ಲಿ ನೂಲಿನ ಗೋದಾಮಾಗಿತ್ತು. ಆದ್ದರಿಂದಲೇ ಆ ಕಾರಿಡಾರ್ ಅಷ್ಟು ಉದ್ದ. ಊರಿನ ಹೊರಗೆ, ಬಂಜರು ನೆಲದಲ್ಲಿ, ಒಂದಕ್ಕೊಂದು ಮೂಲೆಮಟ್ಟವಾಗಿ ಹಾಸಿದ ಎರಡು ಉದ್ದನೆಯ ಕೊಳವೆಗಳಿದ್ದವು. ಕೊಳವೆಗಳ ತುದಿಯಲ್ಲಿ ಕನ್ನಡಿಗಳು. ಕನ್ನಡಿಗಳ ನಡುವೆ ಹೋಗಿ ಬರುವ ಬೆಳಕು. ಬಹುದೂರದಲ್ಲಿ, ಬಹು ಹಿಂದೆ, ಎರಡು ಭಾರವಾದ ಕಾಯಗಳು ಒಂದನ್ನೊಂದು ಸುತ್ತುತ್ತ ಹತ್ತಿರವಾಗಿ ಒಂದಾದಾಗ ಜಾಗವೇ ಅಲುಗುತ್ತದೆ. ಆ ಅಲುಗಾಟ ಗುರುತ್ವದ ಅಲೆಯಾಗಿ ಹರಡಿ, ಎಷ್ಟೋ ಕಾಲದ ಮೇಲೆ ನಮ್ಮ ಬಂಜರು ನೆಲವನ್ನೂ ದಾಟಿ ಹೋಗುತ್ತದೆ. ಆಗ ಕನ್ನಡಿಗಳು ಪರಮಾಣುವಿನ ಒಡಲಿಗಿಂತಲೂ ಎಷ್ಟೋ ಚಿಕ್ಕ ಅಳತೆಯಲ್ಲಿ ಕದಲುತ್ತವೆ. ಅದನ್ನು ಹಿಡಿದು, ಕಿವಿಗೆ ಕೇಳುವ ಸದ್ದಾಗಿ ಮಾಡಿ, ಅದು ಏನನ್ನು ಹೇಳುತ್ತಿದೆ ಎಂದು ತಿಳಿಯುವುದು ನಮ್ಮ ಕೆಲಸ.

ಎರಡು ಕೂಡಿ ಒಂದಾದ ಮೇಲೆ ಆ ಹೊಸ ಕಾಯ ಸ್ವಲ್ಪ ಹೊತ್ತು ನಡುಗಿ ಸುಮ್ಮನಾಗುತ್ತದೆ. ಅದು ಕಪ್ಪುಕುಳಿಯಾಗಿದ್ದರೆ ಆ ನಡುಕ ಬೇಗ ಅಡಗುತ್ತದೆ, ಆಮೇಲೆ ಏನೂ ಇಲ್ಲ. ಒಳಗೆ ಹೋದದ್ದು ಹಿಂದೆ ಬರುವುದಿಲ್ಲ. ಆದರೆ ಅಷ್ಟೇ ಚಿಕ್ಕದಾದ, ಅಷ್ಟೇ ಭಾರವಾದ, ಅಷ್ಟೇ ಕತ್ತಲೆಯ ಇನ್ನೇನೋ ಒಂದಾಗಿದ್ದು, ಅದಕ್ಕೊಂದು ಮೈ ಇದ್ದರೆ? ಒಳಗೆ ಹೋದ ಅಲೆ ಆ ಮೈಗೆ ತಾಗಿ ಮರಳಬೇಕು. ತಡವಾಗಿ, ಕ್ಷೀಣವಾಗಿ, ಒಂದರ ಹಿಂದೆ ಒಂದು. ದೂರದರ್ಶಕದಲ್ಲಿ ನೋಡಿದರೆ ಎರಡೂ ಒಂದೇ ಕಪ್ಪು. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಹೇಳಬಲ್ಲದ್ದು ಅಲೆ ಮಾತ್ರ.

ತೆರೆದೇ ಇದೆ ಎಂದು ಎಲ್ಲರೂ ನಂಬಿದ್ದರು. ನಾನೂ. ಬಂದ ಅಲೆಗಳೆಲ್ಲ ಹಾಗೆಯೇ ಹೇಳುತ್ತಿದ್ದವು. ಕಮಲಾಕ್ಷ ಸರ್ ಮಾತ್ರ ಪ್ರತಿ ಅಲೆ ನಿಂತ ಮೇಲೂ ಕಾಯುತ್ತಿದ್ದರು. ಮೂವತ್ತು ವರ್ಷ ಆ ನಿಶ್ಶಬ್ದವನ್ನು ಶೋಧಿಸುತ್ತ ಕಳೆದವರು.

“ಸರ್, ಮನೇಲಿ ಯಾರೂ ಇಲ್ಲ. ಇನ್ನೆಷ್ಟು ಸಲ ಬಾಗಿಲು ಬಡೀತೀರಿ?” ಎಂದು ಬಸವಂತ ಚುಡಾಯಿಸುತ್ತಿದ್ದ. ಅವನು ನನಗಿಂತ ಎರಡು ವರ್ಷ ಮೊದಲು ಸೇರಿದವನು, ಗಣಿತದಲ್ಲಿ ಚುರುಕು, ಬಾಯಿಯಲ್ಲಿ ಇನ್ನೂ ಚುರುಕು.

“ಇಲ್ಲ ಅಂತ ಒಳಗಿಂದ ಯಾರಾದ್ರೂ ಹೇಳೋವರೆಗೂ ಕಣಯ್ಯ” ಎನ್ನುತ್ತಿದ್ದರು ಸರ್.

ನಮ್ಮಲ್ಲೊಂದು ಪದ್ಧತಿಯಿತ್ತು. ಯಂತ್ರದ ಕನ್ನಡಿಗಳನ್ನು ಗುಟ್ಟಾಗಿ, ನಿಜವಾದ ಅಲೆ ಬಂದಂತೆಯೇ ತೋರುವ ಹಾಗೆ ಕದಲಿಸಲು ಒಬ್ಬರಿಗೆ ಅಧಿಕಾರವಿರುತ್ತಿತ್ತು. ಯಾವಾಗ ಹಾಕಿದರು, ಎಂಥದ್ದು ಹಾಕಿದರು ಎಂದು ಬೇರೆ ಯಾರಿಗೂ ಗೊತ್ತಾಗುವಂತಿಲ್ಲ. ನಾವು ನಿದ್ದೆ ಹೋಗಿಲ್ಲವೆಂದೂ, ಕಂಡದ್ದನ್ನೆಲ್ಲ ನಂಬುವವರಲ್ಲವೆಂದೂ ಪರೀಕ್ಷಿಸುವ ದಾರಿ ಅದು. ನಾವು ಅದನ್ನು ಕಳ್ಳ ಅಲೆ ಎಂದು ಕರೆಯುತ್ತಿದ್ದೆವು. ಅಲೆಯೊಂದು ಸಿಕ್ಕಿ, ನಾವೆಲ್ಲ ಲೆಕ್ಕ ಮುಗಿಸಿ, ಇದು ಇಂಥದ್ದು ಎಂದು ತೀರ್ಮಾನಕ್ಕೆ ಬಂದ ಮೇಲೆ ಆ ಅಧಿಕಾರವಿದ್ದವರು ಎದ್ದು ನಿಂತು ಒಂದೇ ಮಾತು ಹೇಳಬೇಕು: “ನನ್ನದು” ಅಥವಾ “ನನ್ನದಲ್ಲ.” ಯಂತ್ರದಲ್ಲೂ ಅದರ ಗುರುತು ಉಳಿಯುತ್ತಿತ್ತಾದರೂ ಲೋಕಕ್ಕೆ ಸಾರುವ ಮೊದಲು ಎಲ್ಲರೆದುರು ತೆರೆಯುವ ತನಕ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಆ ಒಬ್ಬರ ಮಾತೇ ಸಾಕಿತ್ತು.

ಆ ಒಬ್ಬರು ಕಮಲಾಕ್ಷ ಸರ್. ಒಮ್ಮೆ ನಾವು ವಾರಗಟ್ಟಲೆ ಬೆವರು ಸುರಿಸಿ ಒಂದು ಅಪರೂಪದ ಅಲೆಯನ್ನು ಬಿಡಿಸಿ, ಜಿಲೇಬಿ ತರಿಸಿದ್ದೆವು. ಸರ್ ನೆಮ್ಮದಿಯಾಗಿ ಜಿಲೇಬಿ ತಿಂದು, ಕೈ ಒರೆಸಿಕೊಂಡು, “ನನ್ನದು” ಎಂದರು. ಬಸವಂತ ಒಂದು ವಾರ ಅವರ ಜೊತೆ ಮಾತು ಬಿಟ್ಟಿದ್ದ.

ಆ ವರ್ಷದ ಬೇಸಿಗೆಯಲ್ಲಿ ಹಳೆಯ ಕಚೇರಿ ಖಾಲಿ ಮಾಡಿದಾಗ ಒಂದು ಕಬ್ಬಿಣದ ಬೀರುವನ್ನು ನಮ್ಮ ಕಟ್ಟಡಕ್ಕೆ ತಂದರು. ಅದು ಯಾವ ಕೋಣೆಯ ಬಾಗಿಲಲ್ಲೂ ತೂರಲಿಲ್ಲ. ಹೊತ್ತು ತಂದವರು ಬೇಸತ್ತು ಕಾರಿಡಾರಿನ ನಟ್ಟನಡುವೆ ಇಳಿಸಿ ಹೋದರು. ಅರ್ಧ ದಾರಿಗೆ ಅಡ್ಡವಾಗಿ ಅದು ಅಲ್ಲೇ ನಿಂತಿತು. ಹೋಗಿ ಬರುವಾಗ ಬಸವಂತನ ಭುಜ ದಿನಕ್ಕೊಮ್ಮೆಯಾದರೂ ಅದಕ್ಕೆ ತಾಗುತ್ತಿತ್ತು; ಅವನು ದಿನಕ್ಕೊಮ್ಮೆಯಾದರೂ ಅದನ್ನು ಬೈಯುತ್ತಿದ್ದ.

ಬೇಸಿಗೆ ಮುಗಿಯುವ ಹೊತ್ತಿಗೆ ಆ ಅಲೆ ಬಂತು.

ಮೊದಲಿಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಎರಡು ಭಾರವಾದ ಕಾಯಗಳು ಕೂಡಿದವು, ನಡುಗಿದವು, ಸುಮ್ಮನಾದವು. ಆಮೇಲೆ, ನಾವು ಸಾಮಾನ್ಯವಾಗಿ ಕೈಬಿಡುವ ಜಾಗದಲ್ಲಿ, ಒಂದು ಮೆಲುದನಿ. ಅಷ್ಟೇ ಅಂತರ ಬಿಟ್ಟು ಇನ್ನೊಂದು, ಇನ್ನೂ ಮೆಲ್ಲಗೆ. ಇನ್ನೊಂದು. ನಾನು ಲೆಕ್ಕವನ್ನು ಮತ್ತೆ ಮತ್ತೆ ಮಾಡಿದೆ. ಬಸವಂತ ಬೇರೆ ದಾರಿಯಲ್ಲಿ ಮಾಡಿದ. ನಮ್ಮ ಮುಖ್ಯಸ್ಥೆ ಜುಬೇದಾ ಮೇಡಂ ಯಾರನ್ನೂ ಸುಲಭವಾಗಿ ನಂಬುವವರಲ್ಲ. ಅವರು ನಮ್ಮಿಬ್ಬರಿಗೂ ತಿಳಿಸದೆ ಮೂರನೆಯ ದಾರಿಯಲ್ಲಿ ಮಾಡಿದ್ದರು. ಮೂರೂ ಒಂದೇ ಮಾತು ಹೇಳಿದವು: ಬಾಗಿಲು ಮುಚ್ಚಿದೆ.

ಇನ್ನೂ ಒಂದು ವಿಚಿತ್ರವಿತ್ತು. ಒಂದು ಮಾರ್ದನಿಗೂ ಮುಂದಿನದಕ್ಕೂ ಸರಿಯಾಗಿ ನಡುವೆ, ಇದೆಯೋ ಇಲ್ಲವೋ ಎಂಬಂತೆ, ಒಂದು ಪುಟ್ಟ ಮಾರ್ದನಿ. ಬಸವಂತ ಅದರ ಹಿಂದೆ ಬಿದ್ದ. ಆ ಕಾಯಕ್ಕೆ ಹೊರಮೈಯಲ್ಲದೆ ಒಳಗೊಂದು ಪದರವೂ ಇರಬೇಕೆಂದೂ, ಅಲೆಯ ಒಂದು ಪಾಲು ಅರ್ಧ ದಾರಿಯಲ್ಲೇ ಅದಕ್ಕೆ ತಾಗಿ ಮರಳುತ್ತಿದೆಯೆಂದೂ ಹೇಳಿ, ಕಪ್ಪು ಹಲಗೆಯ ತುಂಬ ಸಮೀಕರಣ ಬರೆದ. ಅದು ಸೊಗಸಾಗಿತ್ತು. ಜುಬೇದಾ ಮೇಡಂ ಕೂಡ ಅದರಲ್ಲಿ ತಪ್ಪು ಹುಡುಕಲಾರದೆ ಹೋದರು.

ತೀರ್ಮಾನವಾದ ದಿನ ನಾವೆಲ್ಲ ಸರ್ ಕಡೆ ತಿರುಗಿದೆವು. ಅವರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಕಣ್ಣು ತುಂಬಿತ್ತು.

“ನನ್ನದಲ್ಲ” ಎಂದರು.

ಆ ದಿನ ಯಾರು ಯಾರನ್ನು ತಬ್ಬಿಕೊಂಡರೋ ನೆನಪಿಲ್ಲ. ಬಸವಂತ ಕಾರಿಡಾರಿಗೆ ಓಡಿ ಬೀರುವಿಗೂ ಒಂದು ಮುತ್ತು ಕೊಟ್ಟದ್ದು ನೆನಪಿದೆ.

ಮುಂದಿನ ವಾರ ಸರ್ ಮನೆಗೆ ಹೋದೆ. ಅವರು ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು. ಅವರ ಹೆಂಡತಿ ಚಂಪಕಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ನಮ್ಮ ಕೆಲಸವನ್ನು “ನಿಮ್ಮ ಕಿವಿ ಡಾಕ್ಟರಿಕೆ” ಎನ್ನುತ್ತಿದ್ದರು.

“ಸರ್ ಖುಷಿಯಾಗಿದ್ದಾರಲ್ವಾ ಅಮ್ಮ?” ಎಂದೆ.

“ಖುಷಿಯೋ ಖುಷಿ. ನಿನ್ನೆ ಬಂದು ಹೇಳಿದ್ರು, ‘ಚಂಪಕಾ, ಮಾರ್ದನಿ ಸಿಕ್ತು ಕಣೇ’ ಅಂತ. ಮೊನ್ನೆಯೂ ಹೇಳಿದ್ರು. ಅದರ ಹಿಂದಿನ ದಿನಾನೂ. ಪ್ರತಿ ಸಲ ಹೊಸದಾಗಿ. ಆ ಮುಖ ನೋಡಿ, ಆಗಲೇ ಹೇಳಿದ್ರಲ್ಲಾ ಅನ್ನೋಕೆ ಬಾಯಿ ಬರಲಿಲ್ಲ. ನಾನೂ ಪ್ರತಿ ಸಲ ಹೊಸದಾಗಿ ‘ಹೌದೇ!’ ಅಂದೆ.”

ನಾನು ನಗಲು ಹೋಗಿ ನಿಂತೆ. ಅವರು ನಗುತ್ತಿರಲಿಲ್ಲ.

“ಎಷ್ಟು ದಿನದಿಂದ ಅಮ್ಮ?”

“ಮರೆವಾ? ಒಂದು ವರ್ಷ ಆಗಿರಬೇಕು. ಮೊದಮೊದಲು ಕೊಡೆ, ಕನ್ನಡಕ. ಆಮೇಲೆ ಸಾರಿಗೆ ಎರಡೆರಡು ಸಲ ಉಪ್ಪು. ಹೋದ ತಿಂಗಳು ಪೋಸ್ಟಾಫೀಸಿಗೆ ಹೋದವರು ಯಾಕೆ ಬಂದೆ ಅಂತ ಅಲ್ಲೇ ಕೂತಿದ್ರಂತೆ. ಯಾರಿಗೂ ಹೇಳಬೇಡ ಅಂದಿದ್ರು. ಈಗ ಹಾಗೆ ಹೇಳಿದ್ದೂ ಅವರಿಗೆ ನೆನಪಿಲ್ಲ.”

ಚಾಕು ಹಲಗೆಯ ಮೇಲೆ ಮತ್ತೆ ಓಡತೊಡಗಿತು. ನನ್ನ ಮನಸ್ಸು ಬೇರೆ ಕಡೆ ಓಡುತ್ತಿತ್ತು. “ನನ್ನದಲ್ಲ” ಎಂದು ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಅದು ನಿಜವೂ ಆಗಿರದೆ ಹೋಗಬಹುದಿತ್ತು.

ಶುಕ್ರವಾರ ಎಲ್ಲರೆದುರು ಯಂತ್ರದ ಗುರುತನ್ನು ತೆರೆದು ನೋಡಿ, ಅಂದೇ ಲೋಕಕ್ಕೆ ಸುದ್ದಿ ತಿಳಿಸುವುದೆಂದು ಜುಬೇದಾ ಮೇಡಂ ಗೊತ್ತು ಮಾಡಿದ್ದರು. ಅವರಿಗೆ ಅದು ಬರಿಯ ವಿಧಿ. ಸರ್ ಮಾತು ಕೊಟ್ಟಾಗಿತ್ತು. ಹೊರ ಊರುಗಳಿಂದ ಸರ್ ಸಮಕಾಲೀನರೂ ಬರುವವರಿದ್ದರು. ಇಷ್ಟು ವರ್ಷ ಅವರನ್ನು ನೋಡಿ ಮುಗುಳ್ನಕ್ಕವರೂ ಅವರಲ್ಲಿದ್ದರು. ಆ ಗುರುತು “ಇದು ಇವರೇ ಹಾಕಿದ್ದು” ಎಂದು ಹೇಳಿದರೆ, ಅಷ್ಟೂ ಜನರ ನಡುವೆ, ಮರೆತು ಕುಳಿತ ಮುದುಕನಾಗಿ ಅವರು ಎದ್ದು ಹೋಗಬೇಕಾಗುತ್ತಿತ್ತು.

ನನ್ನ ಭಯವನ್ನು ಚಂಪಕಮ್ಮನಿಗೆ ಹೇಳಿದೆ. ಅವರು ಚಾಕು ಕೆಳಗಿಟ್ಟರು.

“ಅದನ್ನ ನೀನು ಈಗಲೇ ನೋಡಿಬಿಡಬಹುದಾ?”

“ನೋಡಬಹುದು ಅಮ್ಮ. ಆದ್ರೆ ನೋಡೋಕೆ ಮನಸ್ಸಿಲ್ಲ. ಅವರ ಬೆನ್ನ ಹಿಂದೆ ನೋಡಿದ ಹಾಗಾಗುತ್ತೆ.”

“ಶುಕ್ರವಾರದವರೆಗಾದ್ರೂ ಹಾಗೇ ಬಿಟ್ಟುಬಿಟ್ರೆ? ಮೂವತ್ತು ವರ್ಷಕ್ಕೆ ಒಂದು ಸಲ ಈ ಮನೆಗೆ ಇಂಥಾ ಖುಷಿ ಬಂದಿದೆ ಕಣೇ.” ಹೇಳಿದವರೇ ತಲೆಯಾಡಿಸಿದರು. “ಬೇಡ. ನೆನಪು ಸರಿಯಾಗಿದ್ದಿದ್ರೆ ಅವರೇ ಒಪ್ಪುತ್ತಿರಲಿಲ್ಲ. ಇತರರ ಸುಳ್ಳು ಹಿಡಿಯೋದೇ ಅವರ ಕೆಲಸ ಅಲ್ವಾ? ಆದ್ರೆ ನೀನು ಹೋಗಿ ಹೇಳಬೇಡ. ಅವರ ಮುಂದೆ ಇಡು. ಅವರೇ ಹಿಡೀಲಿ.”

ಮರುದಿನ ರಜೆ. ಮಧ್ಯಾಹ್ನ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಆ ಸದ್ದನ್ನು ಹಿಡಿದುಕೊಂಡು ಹೋದೆ. ಸರ್ ಜಗಲಿಯ ಮೇಲಿದ್ದರು. “ಸರ್, ಒಂದು ಸಲ ಕೇಳ್ತೀರಾ? ಶುಕ್ರವಾರದ ಒಳಗೆ ನಿಮ್ಮ ಕಿವಿಗೂ ಬೀಳಲಿ ಅಂತ” ಎಂದೆ. ಹಾಗೆ ನೋಡಿದರೆ ಅವರು ಅದನ್ನು ಗೆರೆಗಳಾಗಿ ನೋಡಿದ್ದರೇ ಹೊರತು ಕಿವಿಯಿಂದ ಕೇಳಿರಲಿಲ್ಲ.

ಅವರು ಕಣ್ಣು ಮುಚ್ಚಿದರು. ಅಲೆ ಏರಿತು, ಮುರಿಯಿತು, ಅಡಗಿತು. ಆಮೇಲೆ ಮಾರ್ದನಿಗಳು. ಅವರ ಅಂಗೈ ಮೊಣಕಾಲಿನ ಮೇಲೆ ತಾನಾಗಿಯೇ ಆಡತೊಡಗಿತು. ಪ್ರತಿ ಮಾರ್ದನಿಗೂ ಸರಿಯಾಗಿ, ಅದು ಬರುವ ಮೊದಲೇ ಗೊತ್ತಿದ್ದಂತೆ.

“ಇದೇನಮ್ಮ, ನಮ್ಮ ಕಾರಿಡಾರ್ ಹಿಡಿದು ತಂದಿದ್ದೀಯಾ?”

“ಅಲ್ಲ ಸರ್. ಆಕಾಶದ್ದು. ನಮಗೆ ಸಿಕ್ಕಿತಲ್ಲ, ಅದೇ.”

“ಆಕಾಶದ್ದಾ? ಇನ್ನೊಂದು ಸಲ ಹಾಕು.”

ಇನ್ನೊಂದು ಸಲ ಹಾಕಿದೆ. ಅವರ ಹುಬ್ಬು ಗಂಟಿಕ್ಕಿತು. ಆ ಮುಖ ನನಗೆ ಗೊತ್ತಿತ್ತು. ನನ್ನ ಲೆಕ್ಕಗಳಲ್ಲಿ ತಪ್ಪು ಕಾಣುವ ಮುಂಚಿನ ಮುಖ.

“ನಡುವೆ ಟಕ್ ಅಂತ ಪುಟ್ಟದೊಂದು ಬರ್ತಿದೆಯಲ್ಲ, ಇದೇನು?”

“ಒಳಪದರ ಅಂತ ಬಸವಂತನ ಸಿದ್ಧಾಂತ ಸರ್.”

“ಒಳಪದರ!” ಎಂದು ಎದ್ದು ಚಪ್ಪಲಿ ಮೆಟ್ಟಿದರು. “ನಡಿ.”

ಕಟ್ಟಡದಲ್ಲಿ ಕಾವಲುಗಾರನ ಹೊರತು ಯಾರೂ ಇರಲಿಲ್ಲ. ಕೊನೆಯ ಬಾಗಿಲನ್ನು ಮುಚ್ಚಿ ಬಂದೆ. ಸರ್ ಈ ತುದಿಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರು. ಇಬ್ಬರೂ ಕಾದೆವು. ಬಂತು. ಮತ್ತೆ ಬಂತು. ನಡುವೆ, ಅರ್ಧ ದಾರಿಯಿಂದ, ಟಕ್ ಎಂದು ಪುಟ್ಟದೊಂದು. ಪೆಟ್ಟಿಗೆಯ ಸದ್ದನ್ನೂ ಹಾಕಿದೆ. ಅಂತರ ಒಂದೇ.

“ಅಂತರ ಒಂದೇ ಅನ್ನೋದರಿಂದ ಏನೂ ಆಗಲ್ಲ. ಅಕಸ್ಮಾತ್ತಾಗಿಯೂ ಆಗಬಹುದು” ಎಂದರು ಸರ್. ಅವರ ದನಿಯಲ್ಲಿ ಹುರುಪು ಬಂದಿತ್ತು. “ಸಭೆಯ ಕೋಣೆಯ ದಪ್ಪ ಪರದೆ ಬಿಚ್ಚಿ ತಗೊಂಡು ಬಾ.”

ತಂದೆ. ಇಬ್ಬರೂ ಸೇರಿ ಅದನ್ನು ನಾಲ್ಕು ಮಡಿಕೆ ಮಾಡಿ ಬೀರುವಿನ ಮೇಲಿಂದ ಇಳಿಬಿಟ್ಟೆವು. ಮದುವಣಗಿತ್ತಿಯ ಹಾಗೆ ಮುಸುಕು ಹಾಕಿಕೊಂಡು ನಿಂತ ಬೀರುವನ್ನು ನೋಡಿ ಇಬ್ಬರಿಗೂ ನಗು ಬಂತು. ಸರ್ ಹಿಂದಕ್ಕೆ ಹೋಗಿ ಮತ್ತೆ ತಟ್ಟಿದರು. ಬಾಗಿಲಿನಿಂದ ಮಾರ್ದನಿ ಬಂತು. ನಡುವಿನದು ಬರಲಿಲ್ಲ. ಪರದೆ ತೆಗೆಸಿ ಇನ್ನೊಮ್ಮೆ ತಟ್ಟಿದರು. ಟಕ್.

ಅವರ ಮುಖ ಅರಳಿತು. ಅಷ್ಟು ಸ್ವಚ್ಛವಾದ ಸಂತೋಷವನ್ನು ನಾನು ಮತ್ತೆಂದೂ ಅವರಲ್ಲಿ ಕಾಣಲಿಲ್ಲ.

“ಆಕಾಶದಲ್ಲಿ ಬೀರು ಇಟ್ಟವರು ಯಾರಮ್ಮ?”

ಅವರ ನಗು ಇನ್ನೂ ಮುಖದ ಮೇಲಿದ್ದಂತೆಯೇ ಕಣ್ಣುಗಳು ನಿಧಾನವಾಗಿ ಬೇರೆಯಾದವು.

“ಇಲ್ಲಿನ ಸದ್ದು ಹಿಡಿದು, ಆ ಅಳತೆಯಲ್ಲೇ ಕನ್ನಡಿ ಅಲುಗಿಸಿದ್ದಾರೆ. ಜಾಣರು. ಈ ಬೀರು ಬಂದದ್ದು ಯಾವಾಗ?”

“ಈ ಬೇಸಿಗೆಯಲ್ಲಿ ಸರ್.”

“ಕನ್ನಡಿ ಅಲುಗಿಸೋ ಅಧಿಕಾರ ಇರೋದು ಯಾರಿಗೆ?”

ನಾನು ಪರದೆಯನ್ನು ಮಡಿಸತೊಡಗಿದೆ.

“ಹೇಳಮ್ಮ. ಗೊತ್ತಿಲ್ಲದೆ ಕೇಳ್ತಿಲ್ಲ. ಇನ್ನೊಬ್ಬರ ಬಾಯಲ್ಲೂ ಕೇಳಿಬಿಡೋಣ ಅಂತ.”

“ನಿಮಗೆ ಸರ್. ನಿಮಗೊಬ್ಬರಿಗೇ.”

ಅವರು ಬೀರುವಿನ ಬಳಿಗೆ ನಡೆದು ಹೋಗಿ ಅದರ ತಣ್ಣನೆಯ ಮೈಯ ಮೇಲೆ ಅಂಗೈಯಿಟ್ಟರು. “ಆ ತುದಿಯಲ್ಲಿ ನಿಂತು ತಟ್ಟಿರಬೇಕು. ಯಾರೂ ಇಲ್ಲದಾಗ ಬಂದಿರಬೇಕು. ಸದ್ದು ಹಿಡಿದು ಮನೆಗೆ ಹೋಗಿ ಕೂತು ಲೆಕ್ಕ ಮಾಡಿರಬೇಕು. ಬೀರು ಟಕ್ ಅಂದದ್ದು ಮಾತ್ರ ನನಗೂ ಗೊತ್ತಾಗಿಲ್ಲ.” ಬೀರುವನ್ನು ಮೆಲ್ಲಗೆ ತಟ್ಟಿ ಹೇಳಿದರು, “ಎಷ್ಟು ಚೆನ್ನಾಗಿ ಮಾಡಿದ್ದೀನಿ ನೋಡು. ಒಂದು ಚೂರೂ ನೆನಪಿಗೆ ಬರ್ತಿಲ್ಲ.”

ನನಗೆ ಅಳು ಬಂತು. ಅವರು ನೋಡಿಯೂ ನೋಡದಂತೆ ಬಾಗಿಲ ಕಡೆ ತಿರುಗಿ ನಿಂತರು. ಮೂವತ್ತು ವರ್ಷ ಕಾದದ್ದು ಅವರ ಕೈಯಿಂದಲೇ ಹೊರಟು ಅವರ ಕೈಗೇ ಬಂದಿತ್ತು.

ಮನೆಯ ಗೇಟಿನವರೆಗೂ ನಡೆದೆವು. ಅಲ್ಲಿ ನಿಂತು ಕೇಳಿದರು, “ಚಂಪಕಾಗೆ ಗೊತ್ತಾ?”

“ಅನುಮಾನ ಇತ್ತು ಸರ್.”

“ಹಾಗಾದ್ರೆ ಈ ಸುದ್ದೀನ ಅವಳಿಗೆ ಎಷ್ಟು ಸಲ ಹೇಳಿದ್ದೀನೋ ಏನೋ. ಪಾಪ, ಒಂದು ಸಲಾನೂ ಮುಖ ಸಿಂಡರಿಸಿದ ಹಾಗೆ ಕಾಣೆ.” ಆಮೇಲೆ ನನ್ನ ಕಡೆ ತಿರುಗಿ, “ಶುಕ್ರವಾರ ಬೆಳಿಗ್ಗೆ ಬಂದು ನನಗೆ ಇದನ್ನ ಮತ್ತೆ ಹೇಳು. ಮರೆತಿದ್ರೆ ಬೀರುವಿನ ಹತ್ತಿರ ಕರ್ಕೊಂಡು ಹೋಗು. ಇನ್ನೊಂದು ಸಲ ನಾನೇ ಹಿಡೀತೀನಿ” ಎಂದರು.

ಶುಕ್ರವಾರ ಬೆಳಿಗ್ಗೆ ಹೋದೆ. ಮರೆತಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸಿದ್ಧರಾಗಿದ್ದರು. ಚಂಪಕಮ್ಮನೂ ಹೊರಟಿದ್ದರು. “ನಾನೂ ಬರ್ತೀನಿ ಕಣೇ. ಇಷ್ಟು ವರ್ಷದಲ್ಲಿ ಒಂದು ಸಲವೂ ನಿಮ್ಮ ಆಸ್ಪತ್ರೆ ನೋಡಿಲ್ಲ” ಎಂದರು.

ಸಭೆಯಲ್ಲಿ ಕುರ್ಚಿಗಳು ಸಾಲದೆ ಕೆಲವರು ಗೋಡೆಗೊರಗಿ ನಿಂತಿದ್ದರು. ಜುಬೇದಾ ಮೇಡಂ ಯಂತ್ರದ ಗುರುತನ್ನು ತೆರೆಯಲು ಎದ್ದಾಗ ಸರ್ ಕೈಯೆತ್ತಿದರು. “ಒಂದು ನಿಮಿಷ. ಪದ್ಧತಿಯ ಪ್ರಕಾರ ಮೊದಲು ನನ್ನ ಮಾತು.”

“ನೀವು ಆಗಲೇ ಹೇಳಿದ್ದೀರಿ ಸರ್” ಎಂದರು ಮೇಡಂ.

“ತಿದ್ದಿಕೊಳ್ತೀನಿ.” ಅವರು ನೆಟ್ಟಗೆ ನಿಂತರು. “ನನ್ನದು.”

ಜುಬೇದಾ ಮೇಡಂ ಬಹಳ ಮೆಲ್ಲಗೆ, “ಅವತ್ತು ನಿಮ್ಮದಲ್ಲ ಅಂದಿದ್ರಿ” ಎಂದರು.

“ಅಂದಿದ್ದೆ. ಸುಳ್ಳು ಹೇಳಲಿಲ್ಲ. ಅವತ್ತು ಅದು ನನ್ನ ಹತ್ತಿರ ಇರಲಿಲ್ಲ. ನನಗೆ ಮರೆವು ಶುರುವಾಗಿದೆ. ಈಗಲೂ ನೆನಪು ಬಂದು ಹೇಳ್ತಿಲ್ಲ. ಪರೀಕ್ಷೆ ಮಾಡಿ ಹೇಳ್ತಿದ್ದೀನಿ.” ಎಲ್ಲರ ಕಡೆ ನೋಡಿ, “ನಿಮ್ಮನ್ನೆಲ್ಲ ಏಮಾರಿಸೋಕೆ ಮಾಡಿದ ಅಲೆ. ಎಲ್ಲರಿಗಿಂತ ಚೆನ್ನಾಗಿ ಏಮಾರಿದ್ದು ನಾನು. ಅಷ್ಟು ಆಸೆ ಇತ್ತು. ಆಸೆ ಇದ್ದ ಕಡೆ ಇನ್ನೊಂದು ಸಲ ಅಳೀಬೇಕು ಅಂತ ನಿಮಗೆ ಹೇಳಿಕೊಟ್ಟವನೂ ನಾನೇ” ಎಂದರು.

ಆಮೇಲೆ ಬೀರುವಿನ ಕತೆ ಹೇಳಿದರು. ಪರದೆಯ ಪರೀಕ್ಷೆಯನ್ನು ಬಿಡಿಸಿ ಹೇಳಿದರು. ಒಂದು ವಿವರವನ್ನೂ ತಪ್ಪಿಸಲಿಲ್ಲ. ಕೊನೆಗೆ, ತಲೆ ತಗ್ಗಿಸಿ ಕೂತಿದ್ದ ಬಸವಂತನ ಕಡೆ ನೋಡಿ, “ಬಸವಂತ, ನಿನ್ನ ಸಿದ್ಧಾಂತ ಚೆನ್ನಾಗಿದೆ ಕಣಯ್ಯ. ಸದ್ಯಕ್ಕೆ ಆ ಬೀರುವಿನೊಳಗೇ ಇಟ್ಟಿರು” ಎಂದರು. ನಗು ಎದ್ದಿತು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಬಸವಂತ ಮಾತ್ರ ನಗದೆ ಎದ್ದು ಬಂದು ಅವರ ಕಾಲು ಮುಟ್ಟಿದ.

ಜುಬೇದಾ ಮೇಡಂ ಯಂತ್ರದ ಗುರುತನ್ನು ಆಮೇಲೆ ತೆರೆದರು. ಅದು ಸರ್ ಮಾತನ್ನೇ ಹೇಳಿತು. ಕಳ್ಳ ಅಲೆಯ ಕೆಲಸವನ್ನು ಅಂದೇ ನನಗೆ ವಹಿಸಿದರು. ಹಿಂದಿನ ಸಾಲಿನಲ್ಲಿದ್ದ ಚಂಪಕಮ್ಮ ಕಣ್ಣೊರೆಸಿಕೊಳ್ಳುತ್ತ ಪಕ್ಕದವರಿಗೆ, “ನಮ್ಮನೆಯವರು” ಎಂದದ್ದು ನನಗೆ ಕೇಳಿಸಿತು.

ಸರ್ ಮತ್ತೆ ಸಂಸ್ಥೆಗೆ ಬರಲಿಲ್ಲ. ಮೊದಲು ಹೆಸರುಗಳು ಹೋದವು, ಆಮೇಲೆ ಮುಖಗಳು, ಕೊನೆಗೆ ಮಾತು. ಬಿಡುವಾದಾಗಲೆಲ್ಲ ನಾನು ಹೋಗುತ್ತಿದ್ದೆ. ಹೊಸ ಅಲೆಗಳ ಸುದ್ದಿ ಹೇಳುತ್ತಿದ್ದೆ: ಇದೂ ಕಪ್ಪುಕುಳಿಯೇ ಸರ್, ನಿಂತು ಕೇಳಿದೆ, ಏನೂ ಬರಲಿಲ್ಲ. ಅವರು ನನ್ನನ್ನು ದಾಟಿ ಎಲ್ಲೋ ನೋಡುತ್ತಿದ್ದರು.

“ನೀನು ಹೇಳ್ತಾ ಇರು. ಯಾವುದು ಒಳಗೆ ಹೋಗಿ ಎಲ್ಲಿ ತಾಗುತ್ತೋ ಯಾರಿಗೆ ಗೊತ್ತು” ಎನ್ನುತ್ತಿದ್ದರು ಚಂಪಕಮ್ಮ.

ಒಂದು ಸಂಜೆ ಹೋದಾಗ ಸರ್ ಜಗಲಿಯ ಕುರ್ಚಿಯಲ್ಲಿದ್ದರು. ಕಾಲ ಮೇಲೆ ಶಾಲು. ಹಿಂದಿನ ದಿನವಷ್ಟೇ ಸಂಸ್ಥೆಗೊಬ್ಬಳು ಹೊಸ ಹುಡುಗಿ ಸೇರಿದ್ದಳು. ಅವಳನ್ನು ಕಾರಿಡಾರಿಗೆ ಕರೆದೊಯ್ದದ್ದು, ಅವಳೂ ಅವಸರ ಮಾಡಿ “ತೆಗೆದಿದೆ” ಎಂದದ್ದು ಎಲ್ಲ ಹೇಳಿದೆ. ಬೀರು ಇನ್ನೂ ಅಲ್ಲೇ ಇದೆ ಎಂದೆ. ಹೇಳುತ್ತ ಹೇಳುತ್ತ, ಹೇಗೆ ತಟ್ಟಿಸಿದೆನೆಂದು ತೋರಿಸಲು ಒಂದು ಚಪ್ಪಾಳೆ ತಟ್ಟಿದೆ. ಅವರ ರೆಪ್ಪೆ ಕೂಡ ಅಲುಗಲಿಲ್ಲ. ಕೈಗಳು ಶಾಲಿನ ಮೇಲೆ ಹಾಗೆಯೇ ಇದ್ದವು.

ಚಂಪಕಮ್ಮ ಕೊಟ್ಟ ಕಾಫಿ ಕುಡಿದೆ. ಬೆಳಕು ಇಳಿಯುತ್ತಿತ್ತು. “ಬರ್ತೀನಿ ಸರ್” ಎಂದು ಎಂದಿನಂತೆ ಪಾದ ಮುಟ್ಟಿ, ಮೆಟ್ಟಿಲಿಳಿದು, ಕರಿಬೇವಿನ ಗಿಡ ದಾಟಿ ಗೇಟಿನ ಚಿಲಕಕ್ಕೆ ಕೈ ಹಾಕಿದೆ.

ಹಿಂದಿನಿಂದ, ಜಗಲಿಯ ಕಡೆಯಿಂದ, ಒಂದು ಚಪ್ಪಾಳೆ ಕೇಳಿಸಿತು. ಮೆತ್ತಗಿತ್ತು. ಒಣಗಿದ ಎರಡು ಅಂಗೈಗಳು ಪ್ರಯಾಸದಿಂದ ಒಂದಾದ ಸದ್ದು.

ನಾನು ತಿರುಗಲಿಲ್ಲ, ಮಾತಾಡಲಿಲ್ಲ. ಚಿಲಕದ ಮೇಲೆ ಕೈಯಿಟ್ಟುಕೊಂಡು, ಆ ಸದ್ದು ನಿಂತ ಮೇಲೂ ನಿಂತೇ ಇದ್ದೆ.